ಅಪ್‌ಡೇಟ್: ನಡುರಾತ್ರಿ ಬೆವರು, ನಿದ್ದೆಯಿಲ್ಲ ಅಂತ ಕೇಳಿದ್ದೆನಲ್ಲ

ವಯಸ್ಸು 48, ಸೋಮವಾರಪೇಟೆಯ ಚಳಿಯಲ್ಲೂ ಮೈಯೆಲ್ಲ ಬೆವರಿ ಎಚ್ಚರ ಆಗ್ತದೆ, ಇದು ಥೈರಾಯ್ಡಾ, ಮುಟ್ಟು ನಿಲ್ಲೋದಾ ಅಂತ ಕೇಳಿದ್ದೆ. ನೀವೆಲ್ಲ ಬೈದ ಮೇಲೆ ಮಡಿಕೇರಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಥೈರಾಯ್ಡ್ ಸರಿಯಿದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ನಿಂತಿತು ಅಂತ ಲೆಕ್ಕವಂತೆ; ನನಗಿನ್ನೂ ಏಳೇ ತಿಂಗಳಾಗಿದೆ. ಈಸ್ಟ್ರೊಜೆನ್ ಅನ್ನೋ ಹಾರ್ಮೋನ್ ಇಳಿಯುವಾಗ ಹೀಗೆ ಮೈ ಬಿಸಿಯೇರಿ ಬೆವರುತ್ತದಂತೆ. ಪೂರ್ತಿ ನಿಂತ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ಬನ್ನಿ ಅಂದರು.

ಈಗ ಸಂಜೆ ಮೇಲೆ ಕಾಫಿ ಬಂದ್ (ತೋಟದ ಮನೆಯಲ್ಲಿ ಇದೇನು ಸಣ್ಣ ಶಿಕ್ಷೆಯಾ!). ದಪ್ಪ ಕಂಬಳಿ ಬದಲು ಎರಡು ತೆಳು ಹೊದಿಕೆ, ಒಂದು ಒದ್ದು ತಳ್ಳೋದಕ್ಕೇ. ನಾಲ್ಕು ಗಂಟೆ ನಿದ್ದೆ ಆರಕ್ಕೆ ಬಂದಿದೆ. ‘ನಿಂಗೆ ಕೋಪ ಜಾಸ್ತಿಯಾಯ್ತು’ ಅಂತಿದ್ದ ಇವರು, ಡಾಕ್ಟರ್ ಎದುರು ಕೂತು ಕೇಳಿಸಿಕೊಂಡ ಮೇಲೆ ತಾವೇ ಎದ್ದು ಕಿಟಕಿ ತೆಗೀತಾರೆ.