ರಷ್ಯಾದ ರಾಣಿ ಕ್ಯಾಥರೀನ್ ಕಾಲದ ಐದು ಕೊಪೆಕ್ ನಾಣ್ಯ ಎರಡಿವೆ, ಅಸಲಿ ಯಾವುದು?

ಹೊಸನಗರದವನು:
ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಟಿಪ್ಪುವಿನ ಆನೆ ಕಾಸುಗಳನ್ನೇ ಕೂಡಿಟ್ಟವನು ನಾನು, ನಮ್ಮ ಕಡೆಯ ನಗರ ಎಂಬ ಊರಿನ ಟಂಕಸಾಲೆಯವೂ ಎರಡಿವೆ. ರಷ್ಯಾದ ತಾಮ್ರ ಇದೇ ಮೊದಲು. ಕಳೆದ ತಿಂಗಳು ಶಿವಮೊಗ್ಗದಲ್ಲಿ ಹಳೇ ಸಾಮಾನು ಮಾರುವವರ ಹತ್ತಿರ ಎರಡು ತಗೊಂಡೆ. ಒಂದು ಕಡೆ ಎರಡು ತಲೆಯ ಹದ್ದು, ನೋಡಿದ ಕೂಡಲೇ ಬಳ್ಳಿಗಾವಿಯ ಗಂಡಭೇರುಂಡ ಕಂಬ ನೆನಪಾಯಿತು.

ಮೊದಲನೆಯದು 1763, ಹದ್ದಿನ ಪಕ್ಕ ಎಂ ಎಂ ಅಂತಿದೆ. ಕಪ್ಪಗಿದೆ, ಹದ್ದಿನ ರೆಕ್ಕೆ ಕೆಳಗೆ ಇನ್ನೇನೋ ಗೆರೆಗಳು ಅಡ್ಡಾದಿಡ್ಡಿ ಕಾಣುತ್ತವೆ. ಎರಡನೆಯದು 1781, ಇ ಎಂ, ಗೆರೆಯೆಲ್ಲ ಬಹಳ ಚೆನ್ನಾಗಿದೆ. ಗೆಳೆಯ ನೋಡಿ ಮೊದಲನೆಯದೇ ನಕಲಿ, ಅಚ್ಚು ಸರಿಯಾಗಿ ಬಿದ್ದಿಲ್ಲ ಅಂದ. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿಕೊಡ್ತೀನಿ, ಆಮೇಲೆ ನೋಡು ಅಂತಿದ್ದಾರೆ. ತಿಕ್ಕಿಸಲಾ?

ತೀರ್ಥಹಳ್ಳಿ ತಾಮ್ರ:
ತಿಕ್ಕಬೇಡಿ ಮಾರಾಯ್ರೆ, ದಯವಿಟ್ಟು! ನಾನು ಇದೇ ತಪ್ಪು ಮಾಡಿ ಒಂದು ಒಳ್ಳೆ ನಾಣ್ಯ ಕಳೆದುಕೊಂಡೆ. ಹುಣಸೆಹುಳಿಗೆ ಹಾಕಿದ್ದು ಐದೇ ನಿಮಿಷ, ಹೊಸ ಚೊಂಬಿನ ಹಾಗೆ ಕೆಂಪಗಾಗಿ ಬಂತು, ಇನ್ನೂರು ವರ್ಷದ ಆ ಕಂದು ಬಣ್ಣ ಮತ್ತೆ ಬರಲೇ ಇಲ್ಲ. ಚೊಂಬಿಗೆ ಹುಣಸೆ ಸರಿ, ನಾಣ್ಯಕ್ಕೆ ಬೇಡ. ಅಮ್ಮನಿಗೆ ನಿಧಾನಕ್ಕೆ ಹೇಳಿ.

ಹಳೇ ದುಡ್ಡು:
ನಿಮ್ಮ ಗೆಳೆಯ ಹೇಳಿದ್ದು ತಿರುಗುಮುರುಗು ಅನಿಸುತ್ತೆ. 1762ರಲ್ಲಿ ರಷ್ಯಾದ ದೊರೆ ಮೂರನೇ ಪೀಟರ್ ತಾಮ್ರದ ಬೆಲೆಯನ್ನು ದುಪ್ಪಟ್ಟು ಮಾಡಿದ, ಅಂದರೆ ಅದೇ ತೂಕದ ಬಿಲ್ಲೆಗೆ ಐದರ ಬದಲು ಹತ್ತು ಕೊಪೆಕ್ ಅಂತ ಹೊಡೆಸಿದ. ಅದೇ ವರ್ಷ ಅವನನ್ನು ಇಳಿಸಿ ಹೆಂಡತಿ ಕ್ಯಾಥರೀನ್ ಪಟ್ಟಕ್ಕೆ ಬಂದಳು. ಹಳೆಯ ಲೆಕ್ಕಕ್ಕೇ ವಾಪಸ್ ಹೋಗಿ, ಗಂಡನ ಹತ್ತು ಕೊಪೆಕ್ ಮೇಲೇ ತನ್ನ ಐದರ ಅಚ್ಚು ಹೊಡೆಸಿದಳು. ಪೀಟರನ ನಾಣ್ಯದ ಒಂದು ಬದಿಯಲ್ಲಿ ನಗಾರಿ, ಬಾವುಟಗಳಿದ್ದವು. ರೆಕ್ಕೆ ಕೆಳಗಿನ ಗೆರೆಗಳು ಅವೇ ಇರಬಹುದು, ಭೂತಗನ್ನಡಿ ಹಿಡಿದು ಓರೆ ಬೆಳಕಿನಲ್ಲಿ ನೋಡಿ. ಎಂ ಎಂ ಅಂದರೆ ಮಾಸ್ಕೋ, ಇ ಎಂ ಅಂದರೆ ಯೆಕಟೆರಿನ್‌ಬರ್ಗ್.

ಮುಖ ಬಿಡಿ, ಅಂಚು ನೋಡಿ. ಅಸಲಿ ನಾಣ್ಯದ ಅಂಚಿನಲ್ಲಿ ಸಾಮಾನ್ಯವಾಗಿ ಬಲೆ ಹೆಣೆದ ಹಾಗೆ ಓರೆ ಗೆರೆ ಇರುತ್ತೆ. ಎರಕ ಹೊಯ್ದ ನಕಲಿಯಲ್ಲಿ ಎರಡು ಅಚ್ಚು ಸೇರಿದ ಕಡೆ ಸುತ್ತಲೂ ತೆಳು ಗೆರೆ ಸಿಗಬಹುದು, ಅದನ್ನು ಉಜ್ಜಿದ್ದರೆ ಅರದ ಗೀರು ಕಾಣುತ್ತೆ.

ಆಮೇಲೆ ತೂಕ. ಒಂದು ಪೂಡ್, ಅಂದರೆ 16.38 ಕಿಲೋ ತಾಮ್ರಕ್ಕೆ 16 ರೂಬಲ್ ನಾಣ್ಯ, ಒಂದು ರೂಬಲ್‌ಗೆ ನೂರು ಕೊಪೆಕ್. ಐದು ಕೊಪೆಕ್ ಲೆಕ್ಕದಲ್ಲಿ 320 ನಾಣ್ಯ, ಒಂದೊಂದು ಸುಮಾರು 51 ಗ್ರಾಂ. ಕೆಲವು ಗ್ರಾಂ ಆಚೀಚೆ ಇದ್ದರೆ ಹೆದರಬೇಡಿ. ಅಯಸ್ಕಾಂತ ಹಿಡಿಯಲಿಲ್ಲ ಅಂತ ಸುಮ್ನೆ ನಂಬಬೇಡಿ, ಸತುವನ್ನೂ ಅದು ಹಿಡಿಯಲ್ಲ. ನಿಮ್ಮೂರ ಆಚಾರಿ ಹತ್ತಿರ ಹೋಗಿ, ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರದಲ್ಲಿ ಕಟ್ಟಿ ತಳ, ಪಕ್ಕ ತಾಗದ ಹಾಗೆ ನೀರಲ್ಲಿ ಮುಳುಗಿಸಿ. ಒಣ ತೂಕವನ್ನು ಆಗ ತೋರಿಸುವ ಅಂಕಿಯಿಂದ ಭಾಗಿಸಿ. ತಾಮ್ರಕ್ಕೆ 8.9 ಆಸುಪಾಸು ಬರಬೇಕು.

ಹೊಸನಗರದವನು:
ಆಚಾರಿ ಅಂಗಡಿಯಿಂದ ಈಗ ಬಂದೆ. 1763ರದ್ದು 49.8 ಗ್ರಾಂ, ನೀರಲ್ಲಿ 5.6. ಅಂದರೆ 8.89! 1781ರದ್ದು 41, ನೀರಲ್ಲಿ 5.7, ಬರೀ 7.2. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ ಸುತ್ತಲೂ ಓಡಿದೆ, ಉಗುರಿಗೆ ಸಿಗುತ್ತೆ. ಹಳೆಯದರಲ್ಲಿ ರೆಕ್ಕೆ ಕೆಳಗೆ ಬಾವುಟದ ಕೋಲು ಕಂಡಿತು, ಆಚಾರಿಯವರೂ ಬಿಡದೆ ನೋಡಿದರು. ತುಂಬಾ ಖುಷಿಯಾಯಿತು.

ಹಳೇ ದುಡ್ಡು:
7.2 ತಾಮ್ರ ಆಗಲು ಸಾಧ್ಯವೇ ಇಲ್ಲ. ಅದನ್ನು ವಾಪಸ್ ಕೊಡಿ. ಹಳೆಯದನ್ನು ಬಿಡಬೇಡಿ.

ತೀರ್ಥಹಳ್ಳಿ ತಾಮ್ರ:
ನೀರಿಗೆ ಹಾಕಿದ್ದೀರಿ, ಹತ್ತಿ ಬಟ್ಟೆಯಲ್ಲಿ ಒತ್ತಿ ಚೆನ್ನಾಗಿ ಒಣಗಿಸಿ, ಉಜ್ಜಬೇಡಿ. ಪಿವಿಸಿ ಕವರ್ ಬೇಡ, ಕೆಲವು ವರ್ಷಕ್ಕೆ ಹಸಿರು ಅಂಟು ಬಿಡುತ್ತೆ. ನಮ್ಮ ಮಳೆಗಾಲದ ಥಂಡಿಗೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಗಟ್ಟಿ ಕಪ್ಪು, ಕಂದು ಬಣ್ಣ ಇದ್ದರೆ ಇರಲಿ, ಆದರೆ ಮುಟ್ಟಿದರೆ ಉದುರುವ ತಿಳಿ ಹಸಿರು ಪುಡಿ ಕಂಡರೆ ಆ ನಾಣ್ಯವನ್ನು ಆನೆ ಕಾಸುಗಳಿಂದ ಬೇರೆ ಇಡಿ.