ಭಾನುವಾರದ ಪ್ರಶ್ನೋತ್ತರ: ಬಾಳಿಕೆ ಬರುವ ಕಾರು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಶಿರಸಿಯ ನಮ್ಮ ಮೆಕ್ಯಾನಿಕ್ ಅಣ್ಣ ಗುಂಪಿನಲ್ಲಿ ಇರುತ್ತಾರೆ. ಕಾರು ಕೈ ಕೊಡದೆ ಬಹಳ ವರ್ಷ ಓಡಬೇಕು, ಕೊಟ್ಟ ದುಡ್ಡು ದಂಡ ಆಗಬಾರದು ಅಂದರೆ ಏನು ನೋಡಬೇಕು ಎಂದು ಕೇಳಿ. ಒಬ್ಬರಿಗೆ ಒಂದು ಪ್ರಶ್ನೆ. ಗುಡ್ ಮಾರ್ನಿಂಗ್ ಚಿತ್ರ ಬೇಡ.

ಸಿದ್ದಾಪುರದವರು: ಅಣ್ಣ, ಐದು ಲಕ್ಷದೊಳಗೆ ಯಾವ ಕಾರು ಒಳ್ಳೆಯದು?

ಮೆಕ್ಯಾನಿಕ್: ಹೊಸದೋ ಹಳೆಯದೋ? ವರ್ಷಕ್ಕೆ ಎಷ್ಟು ಓಡಿಸುತ್ತೀರಿ? ಮನೆವರೆಗೆ ಡಾಂಬರು ಇದೆಯೋ ಮಣ್ಣು ರಸ್ತೆಯೋ? ಇಷ್ಟು ಹೇಳಿದರೆ ಹೆಸರು ಹೇಳಬಹುದು. ಒಂದು ಮಾತ್ರ ಈಗಲೇ ಹೇಳುತ್ತೇನೆ. ಯಾವ ಕಾರಿನ ಸ್ಪೇರ್ ಪಾರ್ಟ್ ನಿಮ್ಮ ಪೇಟೆಯಲ್ಲಿ ಅದೇ ದಿನ ಸಿಗುತ್ತದೋ ಅದನ್ನು ನೋಡಿ. ಒಂದು ಸೆನ್ಸರ್ ಹುಬ್ಬಳ್ಳಿಯಿಂದ ಬರಬೇಕು ಎಂದು ವಾರಗಟ್ಟಲೆ ನನ್ನ ಅಂಗಳದಲ್ಲಿ ನಿಲ್ಲುವ ಕಾರು ಎಷ್ಟು ಚೆಂದ ಇದ್ದರೇನು.

ಕಾರವಾರದವರು: 2015ರ ಪೆಟ್ರೋಲ್ ಕಾರು ಸಿಗುತ್ತಿದೆ. ಒಬ್ಬರೇ ಮಾಲೀಕರು, ಬರೀ 26 ಸಾವಿರ ಕಿಮೀ ಓಡಿದೆ. ಮನೆ ಸಮುದ್ರದ ಪಕ್ಕ, ಷೆಡ್ ಇಲ್ಲ. ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದಲ್ವಾ?

ಮೆಕ್ಯಾನಿಕ್: ಕಣ್ಣು ಬಿಟ್ಟು, ಟಾರ್ಚ್ ಹಿಡಿದು, ಕಾರಿನ ಕೆಳಗೆ ಮಲಗಿ ನೋಡಿ. ಉಪ್ಪುಗಾಳಿಗೆ ಮೈ ಒಡ್ಡಿ ನಿಂತ ಕಾರು ಓಡಿದ ಕಾರಿಗಿಂತ ಬೇಗ ಹಾಳಾಗುತ್ತದೆ. ಬಾಗಿಲಿನ ಕೆಳ ಅಂಚು, ಸ್ಟೆಪ್ನಿ ಇಡುವ ಗುಂಡಿ, ಹಿಂದಿನ ಆಕ್ಸಲ್, ಬ್ರೇಕ್ ಪೈಪು, ಈ ನಾಲ್ಕು ಕಡೆ ತುಕ್ಕು ನೋಡಿ. ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಖುಷಿ ಪಡಬೇಡಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ತುಕ್ಕಿನ ಮೇಲೆ ಬಳಿದರೆ ಅದು ಒಳಗೊಳಗೇ ತಿನ್ನುತ್ತದೆ. ಇನ್ನು ಕಿಮೀ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2215 ಎಂದಿದ್ದರೆ 2015ರ 22ನೇ ವಾರದಲ್ಲಿ ತಯಾರಾದ ಟೈರು. ಕಾರಿನ ಜೊತೆಗೇ ಬಂದ ಟೈರಾದರೆ ಮೀಟರ್ ನಿಜ ಇರಬಹುದು, ಆದರೆ ಆ ನಾಲ್ಕೂ ಟೈರು ಎಸೆಯಬೇಕು. ಕ್ಲಚ್ ಪೆಡಲ್ಲಿನ ರಬ್ಬರು ನುಣ್ಣಗೆ ಸವೆದಿದ್ದರೆ ಮೀಟರ್ ತಿರುಗಿಸಿದ್ದಾರೆ ಎಂದು ತಿಳಿಯಿರಿ.

ಹೊನ್ನಾವರದವರು: ಎಲೆಕ್ಟ್ರಿಕ್ ಕಾರು ಗೇರುಸೊಪ್ಪೆ ಘಾಟಿ ಹತ್ತುತ್ತದಾ? ಇನ್ನೊಂದು, ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕಿದರೆ ಮೈಲೇಜ್ ಜಾಸ್ತಿ ಆಗುತ್ತದೆ ಎಂದು ಫಾರ್ವರ್ಡ್ ಬಂದಿದೆ. ನಿಜವಾ?

ಮೆಕ್ಯಾನಿಕ್: ನುಸಿಗುಳಿಗೆ ಸೀರೆ ಪೆಟ್ಟಿಗೆಗೆ ಹಾಕಿ.

ಸಿದ್ದಾಪುರದ ಇನ್ನೊಬ್ಬರು: ಐದು ಲಕ್ಷಕ್ಕೆ ಯಾವುದು ಒಳ್ಳೆಯದು ಅಣ್ಣ?

ಮೆಕ್ಯಾನಿಕ್: ಮೇಲೆ ಓದಿ.

ಕುಮಟಾದವರು: ನಮಸ್ತೆ. ಒಂಬತ್ತು ವರ್ಷ ಹಳೆಯ ಕಾರು, ಆರು ತಿಂಗಳ ಹಿಂದೆ ತೆಗೆದುಕೊಂಡೆ. ಹೋದ ವಾರ ಶಿರಸಿಯಿಂದ ಬರುವಾಗ ದೇವಿಮನೆ ಘಾಟಿಯಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು. ಸುಟ್ಟ ವಾಸನೆ ಬೇರೆ. ಹ್ಯಾಂಡ್ ಬ್ರೇಕ್ ಎಳೆದು ಹೇಗೋ ಬದಿಗೆ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಸರಿ ಇತ್ತು, ಈಗಲೂ ಸರಿ ಇದೆ. ಪೆಟ್ರೋಲ್ ಉಳಿಯಲಿ ಎಂದು ನ್ಯೂಟ್ರಲ್‌ನಲ್ಲಿ ಇಳಿಸುತ್ತಿದ್ದೆ. ನಾಳೆ ಮದುವೆಗೆ ಮನೆಯವರನ್ನೆಲ್ಲ ಕರೆದುಕೊಂಡು ಶಿರಸಿಗೆ ಹೋಗಿ ಸಂಜೆ ವಾಪಸು ಬರಬೇಕು. ಬ್ರೇಕ್ ಪ್ಯಾಡ್ ಬದಲಿಸಿದರೆ ಸಾಕಾ?

ಮೆಕ್ಯಾನಿಕ್: ಈಗ ಸರಿ ಇದೆ ಎಂಬ ಮಾತೇ ನನಗೆ ಹೆದರಿಕೆ ಹುಟ್ಟಿಸುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನ ಅಂಶ ಹೀರಿಕೊಳ್ಳುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಏನು ಬರಗಾಲ. ಡಾಟ್ 3 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕಡಿಮೆ ಎಂದರೂ 205 ಡಿಗ್ರಿ ಬೇಕು. ನೀರು ಸೇರಿದ ಹಳೆಯ ಆಯಿಲ್ 140ರ ಆಸುಪಾಸಿನಲ್ಲೇ ಕುದಿಯುತ್ತದೆ. ನೀವು ನ್ಯೂಟ್ರಲ್ ಮಾಡಿ, ಕಾರಿನ ಇಡೀ ಭಾರವನ್ನು ಬ್ರೇಕಿನ ಮೇಲೆ ಹಾಕಿ, ತಿರುವಿನ ಮೇಲೆ ತಿರುವು ಒತ್ತಿಕೊಂಡೇ ಬಂದಿರಿ. ಡಿಸ್ಕ್ ಕಾದಿತು, ಆಯಿಲ್ ಕುದಿಯಿತು, ಪೈಪಿನಲ್ಲಿ ಆವಿ ತುಂಬಿತು. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಅದಕ್ಕೇ ಪೆಡಲ್ ಕೆಳಗೆ ಹೋಯಿತು. ಅರ್ಧ ಗಂಟೆಯಲ್ಲಿ ಆವಿ ತಣಿದು ಮತ್ತೆ ಆಯಿಲ್ ಆಯಿತು. ಕಾರು ರಿಪೇರಿ ಆಗಿಲ್ಲ ಮಾರಾಯರೆ, ತಣಿದಿದೆ ಅಷ್ಟೇ. ನಾಳೆ ಹೋಗುವಾಗ ಹತ್ತುವ ರಸ್ತೆ, ಏನೂ ಗೊತ್ತಾಗುವುದಿಲ್ಲ. ಸಂಜೆ ತುಂಬಿದ ಕಾರಿನಲ್ಲಿ ಇಳಿಯುವಾಗ ಗೊತ್ತಾಗುತ್ತದೆ.

ಆಯಿಲ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು, ಕಾರು ಓಡಲಿ ಬಿಡಲಿ. ಹತ್ತಿದ ಗೇರಿನಲ್ಲೇ ಇಳಿಯಿರಿ, ಸೆಕೆಂಡ್ ಅಥವಾ ಥರ್ಡ್. ಈಗಿನ ಇಂಜೆಕ್ಷನ್ ಕಾರಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಬಂದ್ ಬೀಳದಂತೆ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ನೀವು ಉಳಿಸಿದ್ದು ಏನೂ ಇಲ್ಲ.

ಈಗ ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಬಣ್ಣ ಹೇಗಿದೆ, ಮಟ್ಟ ಎಲ್ಲಿದೆ ಹೇಳಿ. ಕಾಯುತ್ತಿದ್ದೇನೆ.

ಯಲ್ಲಾಪುರದವರು: ನಮ್ಮ ಅಪ್ಪ ಅರಬೈಲ್ ಘಾಟಿಯಲ್ಲಿ ಅಂಬಾಸಿಡರ್ ಕಾರನ್ನು ನ್ಯೂಟ್ರಲ್‌ನಲ್ಲೇ ಇಳಿಸುತ್ತಿದ್ದರು. ಒಮ್ಮೊಮ್ಮೆ ಇಂಜಿನ್ ಆಫ್ ಮಾಡಿ ಕೂಡ. ಏನೂ ಆಗಿಲ್ಲ.

ಮೆಕ್ಯಾನಿಕ್: ಅದು ಕಾರ್ಬೊರೇಟರ್ ಕಾಲ. ಈಗ ಇಂಜಿನ್ ಆಫ್ ಆದರೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಪವರ್ ಸ್ಟೀರಿಂಗ್ ಹೋಗುತ್ತದೆ. ದಯವಿಟ್ಟು ಇದನ್ನು ಇಲ್ಲಿ ಟಿಪ್ಸ್ ಎಂದು ಹಾಕಬೇಡಿ.

ಅಂಕೋಲಾದವರು: ಡೀಸೆಲ್ ಬಾಳಿಕೆ ಜಾಸ್ತಿ ಅಲ್ವಾ? ನನಗೆ ದಿನಾ ಮೂರು ಕಿಮೀ ಪೇಟೆಗೆ ಹೋಗಿ ಬರುವುದಷ್ಟೇ.

ಮೆಕ್ಯಾನಿಕ್: ಬೇಡ. 2020ರ ಏಪ್ರಿಲ್ ನಂತರದ, ಬಿಎಸ್ 6 ಎಂಬ ಹೊಗೆ ನಿಯಮದ ಡೀಸೆಲ್ ಕಾರಿಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಡಬೇಕಾದರೆ ಕಾರು ಹೆದ್ದಾರಿಯಲ್ಲಿ ಚೆನ್ನಾಗಿ ಕಾದು ಓಡಬೇಕು. ಮೂರು ಕಿಮೀಗೆ ಅದು ಕಟ್ಟಿಕೊಳ್ಳುತ್ತದೆ. ಪೆಟ್ರೋಲ್ ತೆಗೆದುಕೊಳ್ಳಿ.

ಭಟ್ಕಳದವರು: ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ. ಟೊಯೊಟಾ ತಗೊಳ್ಳಿ, ಮೊಮ್ಮಕ್ಕಳ ಕಾಲದವರೆಗೂ ಓಡುತ್ತದೆ. ನನ್ನದು ಗ್ಲಾಂಜಾ. ಮಾರುತಿಯವರಿಗೆ ಆ ಕ್ವಾಲಿಟಿ ಎಲ್ಲಿಂದ ಬರಬೇಕು.

ಮುಂಡಗೋಡದವರು: ಗ್ಲಾಂಜಾ ಅಂದರೆ ಮಾರುತಿ ಬಲೆನೊನೇ ಸ್ವಾಮಿ. ಮೇಲಿನ ಲಾಂಛನ ಬೇರೆ.

ಭಟ್ಕಳದವರು: ಲಾಂಛನ ಸುಮ್ಮನೆ ಹಾಕುತ್ತಾರಾ? ಟೊಯೊಟಾದವರು ಪರೀಕ್ಷೆ ಮಾಡದೆ ಬಿಡುತ್ತಾರಾ?

ಹಳಿಯಾಳದವರು: ಇಬ್ಬರೂ ತಗಡು ಕಾರಿನ ಬಗ್ಗೆ ಜಗಳ ಆಡುತ್ತಿದ್ದೀರಿ. ಟಾಟಾ ನೆಕ್ಸಾನ್ 2018ರಲ್ಲೇ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಐದು ಸ್ಟಾರ್ ತೆಗೆದುಕೊಂಡಿದೆ. ಗಟ್ಟಿ ಕಾರು ಅಂದರೆ ಅದು.

ಮುಂಡಗೋಡದವರು: ಗಟ್ಟಿ ಇದ್ದರೆ ಗುದ್ದಿ ತೋರಿಸಿ.

ಅಡ್ಮಿನ್: ದಯವಿಟ್ಟು ಮರ್ಯಾದೆಯಿಂದ ಮಾತನಾಡಿ.

ಮೆಕ್ಯಾನಿಕ್: ಸ್ಟಾರ್ ಹೇಳುವುದು ಗುದ್ದಿದಾಗ ಒಳಗಿದ್ದವರು ಎಷ್ಟು ಉಳಿಯುತ್ತಾರೆ ಎಂದು. ಹತ್ತು ವರ್ಷದ ಮೇಲೆ ಕ್ಲಚ್ ಹೇಗಿರುತ್ತದೆ ಎಂದಲ್ಲ. ಎರಡೂ ಬೇಕು, ಎರಡೂ ಬೇರೆ. ಕುಮಟಾದವರೇ, ನೋಡಿದಿರಾ?

ಹೊನ್ನಾವರದವರು: ಎಲೆಕ್ಟ್ರಿಕ್ ಬಗ್ಗೆ ಕೇಳಿದ್ದೆ.

ಶಿರಸಿಯವರು: ಬಾನೆಟ್ ಒಳಗೆ ಇಲಿ ಬಂದು ವೈರ್ ಕಡಿಯುತ್ತಿದೆ. ಹೊಗೆಸೊಪ್ಪು ಕಟ್ಟಿದೆ, ಫಿನಾಯಿಲ್ ಹೊಡೆದೆ, ಕರ್ಪೂರ ಇಟ್ಟೆ. ನಿಲ್ಲುತ್ತಿಲ್ಲ.

ಮೆಕ್ಯಾನಿಕ್: ಅಡಿಕೆ ಮೂಟೆ ಪಕ್ಕ ಕಾರು ನಿಲ್ಲಿಸುತ್ತಿದ್ದೀರಿ ಅನಿಸುತ್ತದೆ. ಜಾಗ ಬದಲಿಸಿ, ಕೆಳಗಿನಿಂದ ಸಣ್ಣ ಕಣ್ಣಿನ ಕಬ್ಬಿಣದ ಜಾಳಿಗೆ ಹಾಕಿಸಿ. ಬಿಸಿ ಇಂಜಿನ್ನಿನ ಹತ್ತಿರ ಕರ್ಪೂರ ಇಡಬೇಡಿ, ದೇವರ ಮನೆ ಅಲ್ಲ ಅದು.

ಭಟ್ಕಳದವರು: ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. ಗ್ಲಾಂಜಾ ಒಳ್ಳೆಯದೋ ಬಲೆನೊ ಒಳ್ಳೆಯದೋ?

ಮೆಕ್ಯಾನಿಕ್: ಅಣ್ಣ ತಮ್ಮಂದಿರಲ್ಲಿ ಯಾರು ಒಳ್ಳೆಯವರು ಎಂದು ನನ್ನನ್ನು ಕೇಳಬೇಡಿ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ.

ಅಂಕೋಲಾದವರು: ಬೇಸಿಗೆಯಲ್ಲಿ ಟ್ಯಾಂಕ್ ಫುಲ್ ಮಾಡಿದರೆ ಕಾರು ಸ್ಫೋಟವಾಗುತ್ತದೆ ಎಂದು ಬಂದಿದೆ, ಎಲ್ಲರಿಗೂ ತಿಳಿಸಿ.

ಮೆಕ್ಯಾನಿಕ್: ಯಾರಿಗೂ ತಿಳಿಸಬೇಡಿ. ಸುಳ್ಳು ಅದು. ಒಬ್ಬರ ಬ್ರೇಕ್ ಹೋಗಿ ಕೂತಿದೆ ಇಲ್ಲಿ, ಅವರ ಮೆಸೇಜ್ ಹುಡುಕಲು ನಿಮ್ಮ ಫಾರ್ವರ್ಡ್ ದಾಟಿ ಹೋಗಬೇಕು. ಕುಮಟಾದವರೇ?

ಅಂಕೋಲಾದವರು: ಒಳ್ಳೆಯದಕ್ಕೆ ಹಾಕಿದೆ. ಇಷ್ಟು ಸಿಟ್ಟು ಯಾಕೆ?

ಕುಮಟಾದವರು: ಕ್ಷಮಿಸಿ, ಊಟಕ್ಕೆ ಹೋಗಿದ್ದೆ. ಆಯಿಲ್ ಕಾಫಿ ಡಿಕಾಕ್ಷನ್ ಥರ ಕಪ್ಪಗಿದೆ. ಮಟ್ಟ ಕೆಳಗಿನ ಗೆರೆಗಿಂತ ಕೆಳಗೆ. ಸ್ವಲ್ಪ ಹೊಸ ಆಯಿಲ್ ಹಾಕಿ ಹೊರಡಲಾ?

ಮೆಕ್ಯಾನಿಕ್: ಬೇಡ. ಮಟ್ಟ ಇಳಿದಿದೆ ಎಂದರೆ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ನಾಲ್ಕೂ ಚಕ್ರದ ಒಳಬದಿ ಕೈ ಹಾಕಿ ನೋಡಿ. ಒದ್ದೆ ಇದೆಯಾ?

ಮುಂಡಗೋಡದವರು: ನಮ್ಮಲ್ಲಿ ಹರಳೆಣ್ಣೆ ಹಾಕಿ ಓಡಿಸಿದವರಿದ್ದಾರೆ.

ಮೆಕ್ಯಾನಿಕ್: ನೀವು ಸ್ವಲ್ಪ ಸುಮ್ಮನಿರಿ.

ಕುಮಟಾದವರು: ಹಿಂದಿನ ಎಡ ಚಕ್ರದ ಒಳಗೆ ಒದ್ದೆ ಇದೆ. ಬೆರಳಿಗೆ ಜಿಡ್ಡು ಹತ್ತಿತು.

ಮೆಕ್ಯಾನಿಕ್: ಬ್ರೇಕ್ ಡ್ರಮ್ಮಿನ ಒಳಗೆ ಶೂಗಳನ್ನು ಒತ್ತುವ ವೀಲ್ ಸಿಲಿಂಡರ್ ಸೋರುತ್ತಿದೆ. ಕಾರು ಮನೆಯಿಂದ ಹೊರಗೆ ತೆಗೆಯಬೇಡಿ. ಕುಮಟಾದ ಮೆಕ್ಯಾನಿಕ್ ಒಬ್ಬರನ್ನು ನಾಳೆ ಮನೆಗೇ ಕರೆಸಿ. ಎರಡೂ ಹಿಂದಿನ ಸಿಲಿಂಡರ್, ಬ್ರೇಕ್ ಶೂ, ಮುಂದಿನ ಪ್ಯಾಡ್, ಪೂರ್ತಿ ಆಯಿಲ್. ಪೈಪಿನ ತುಕ್ಕು ಕೂಡ ನೋಡಲು ಹೇಳಿ.

ಕುಮಟಾದವರು: ಆದರೆ ನಾಳೆ ಬೆಳಿಗ್ಗೆಯೇ ಮದುವೆ. ಅಜ್ಜಿ ಇದ್ದಾರೆ, ಮಕ್ಕಳಿದ್ದಾರೆ, ಉಡುಗೊರೆಯ ಪಾತ್ರೆ ಬೇರೆ ಇದೆ. ನಿಧಾನಕ್ಕೆ ಹೋದರೆ ಆಗುವುದಿಲ್ವಾ?

ಮೆಕ್ಯಾನಿಕ್: ಟೆಂಪೊ ಮಾಡಿ. ಟೆಂಪೊದವರಿಗೂ ಗೇರಿನಲ್ಲೇ ಇಳಿಸಲು ಹೇಳಿ.