ಕಾರ್ನಾಕ್ ದೇವಾಲಯಕ್ಕೆ ಒಂದು ಗಂಟೆ ಸಾಕೇ?

ಪೆರ್ಲದ ಮೇಷ್ಟ್ರು:
ದುಬೈಯಲ್ಲಿರುವ ಮಗ ಬರುವ ಡಿಸೆಂಬರಿನಲ್ಲಿ ನಮ್ಮಿಬ್ಬರನ್ನೂ ಈಜಿಪ್ಟಿಗೆ ಕರೆದುಕೊಂಡು ಹೋಗುತ್ತಾನೆ. ಲಕ್ಸರ್‌ನಲ್ಲಿ ಸಿಗುವುದು ಒಂದೇ ದಿನ. ಬೆಳಗ್ಗೆ ನೈಲ್‌ನ ಪಶ್ಚಿಮ ದಡದ ರಾಜರ ಕಣಿವೆ, ಮಧ್ಯಾಹ್ನ ಪೂರ್ವ ದಡದ ಕಾರ್ನಾಕ್ ಎಂದು ಪ್ರವಾಸದವರು ಪಟ್ಟಿ ಮಾಡಿದ್ದು, ಕಾರ್ನಾಕಿಗೆ ಬರೇ ಒಂದು ಗಂಟೆ ಇಟ್ಟಿದ್ದಾರೆ. ಮನೆಯವಳಿಗೆ ಮೊಣಕಾಲು ನೋವೂ ಇದೆ. ಅಲ್ಲಿ ಏನನ್ನು ನೋಡಬೇಕು, ಏನನ್ನು ಬಿಡಬಹುದು?

ಮಂಜೇಶ್ವರದವ:
ಮೇಷ್ಟ್ರೇ, ಒಂದು ಗಂಟೆ ಏನೇನೂ ಸಾಲದು. ನಮ್ಮ ತಂಡಕ್ಕೂ ಅಷ್ಟೇ ಸಿಕ್ಕಿದ್ದರಿಂದ, ಕಂಬಗಳ ಮಹಾಸಭಾಂಗಣದಲ್ಲಿ ಕತ್ತೆತ್ತಿ ನಿಂತಿರುವಾಗಲೇ ಬಸ್ಸಿಗೆ ಕರೆ ಬಂತು. ಅರಸ ಒಂದನೇ ಸೇತಿ ಕಟ್ಟಿಸಿ ಅವನ ಮಗ ಎರಡನೇ ರಾಮ್ಸೆಸ್ ಪೂರ್ತಿಗೊಳಿಸಿದ ಆ ಸಭಾಂಗಣದಲ್ಲಿ 16 ಸಾಲುಗಳಲ್ಲಿ 134 ಕಂಬಗಳಿವೆ. ನಡುವಿನ 12 ಕಂಬಗಳು ಸುಮಾರು 21 ಮೀಟರ್ ಎತ್ತರದವು, ಎಂದರೆ ತೋಟದ ಹಳೆಯ ಅಡಿಕೆ ಮರಕ್ಕೂ ಕಡಿಮೆಯಿಲ್ಲ. ಬಿಸಿಲು ತಾಗದ ತೊಲೆಗಳ ಅಡಿಯಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದಿನ ಬಣ್ಣ ಇನ್ನೂ ಉಳಿದಿದೆ. ಅದನ್ನು ಅವಸರದಲ್ಲಿ ಕಾಣಲಾಗದು.

ಬದಿಯಡ್ಕದ ಓದುಗ:
ಇನ್ನೊಂದು ಮಾತು ಸೇರಿಸುತ್ತೇನೆ. ಈ ದೇವಾಲಯ ಒಬ್ಬ ಅರಸ ಕಟ್ಟಿಸಿದ್ದಲ್ಲ; ಸುಮಾರು ಎರಡು ಸಾವಿರ ವರ್ಷ, ಬಂದಬಂದವರೆಲ್ಲ ಗೋಪುರವೋ ಗುಡಿಯೋ ಸೇರಿಸುತ್ತಾ ಹೊರಕ್ಕೆ ಬೆಳೆಸಿದ್ದು. ಆದ್ದರಿಂದ ಎದುರಿನ ಮಹಾದ್ವಾರವೇ ತೀರಾ ಹೊಸತು. ಕ್ರಿ.ಪೂ. 4ನೇ ಶತಮಾನದ ಅರಸ ಮೊದಲನೇ ನೆಕ್ಟನೆಬೋನ ಕಾಲದ್ದೆನ್ನುವ ಅದು ಪೂರ್ತಿಯೇ ಆಗಲಿಲ್ಲ. ಒಳಹೊಕ್ಕ ಕೂಡಲೇ ಹಿಂತಿರುಗಿ ಬಲಗಡೆ ನೋಡದೆ ಎಡಗಡೆ, ಅಂದರೆ ದಕ್ಷಿಣದ ಗೋಪುರದ ಬೆನ್ನನ್ನು ನೋಡಿ: ಕಲ್ಲು ಮೇಲೇರಿಸಲು ಒಟ್ಟಿದ್ದ ಹಸಿ ಇಟ್ಟಿಗೆಯ ದಿಬ್ಬ ಅಲ್ಲೇ ಇದೆ. ಕೆಲಸದವರು ಬಿಟ್ಟುಹೋದ ಅಟ್ಟಣಿಗೆಯಂತೆ. ನನಗಂತೂ ಕಂಬಗಳಿಗಿಂತ ಹೆಚ್ಚು ಹಿಡಿಸಿದ್ದು ಅದು. ಅಲ್ಲಿಂದ ಒಳಗೆ ನಡೆದಷ್ಟೂ ಕಾಲ ಹಿಂದಕ್ಕೆ ಹೋಗುತ್ತದೆ. ಹತ್ಷೆಪ್ಸುತ್ ರಾಣಿ ಒಂದೇ ಗ್ರಾನೈಟ್ ಕಲ್ಲಿನಲ್ಲಿ ನಿಲ್ಲಿಸಿದ, 29 ಮೀಟರಿಗೂ ಎತ್ತರದ ಶಿಲಾಸ್ತಂಭವೂ ದಾರಿಯಲ್ಲಿಯೇ ಸಿಗುತ್ತದೆ.

ಕುಂಬಳೆ ಅಕ್ಕ:
ಕಾರ್ನಾಕಿನಿಂದ ಲಕ್ಸರ್ ದೇವಾಲಯಕ್ಕೆ ಹೋಗುವ, 2021ರ ನವೆಂಬರಿನಲ್ಲಿ ಮತ್ತೆ ತೆರೆದ ಸ್ಫಿಂಕ್ಸ್‌ಗಳ (ಸಿಂಹದ ಮೈಯ ಕಲ್ಲಿನ ವಿಗ್ರಹಗಳ) ದಾರಿ ಸುಮಾರು 2.7 ಕಿಲೋಮೀಟರ್ ಇದೆ, ಅದನ್ನು ನಡೆಯದೆ ಬಿಡಿ. ಆದರೆ ಅದರ ಕಥೆ ನಮ್ಮವರಿಗೆ ಕೂಡಲೇ ಹೊಳೆಯುತ್ತದೆ. ಓಪೆಟ್ ಹಬ್ಬದಲ್ಲಿ ಅಮುನ್ ದೇವರ ದೋಣಿಯನ್ನು ಅರ್ಚಕರು ಹೆಗಲ ಮೇಲೆ ಹೊತ್ತು ಲಕ್ಸರಿಗೆ ಒಯ್ಯುತ್ತಿದ್ದರು. ದಾರಿಯಲ್ಲಿ ದೇವರನ್ನು ಇಳಿಸಲು ತಂಗುಗುಡಿಗಳಿದ್ದವು. ನಮ್ಮ ಜಾತ್ರೆಯ ಸವಾರಿ, ಕಟ್ಟೆಪೂಜೆಗಳೇ ನೆನಪಾದವು. ನಿಮ್ಮ ಮನೆಯವರ ಕಾಲಿಗೆ ವಿಶ್ರಾಂತಿ ಬೇಕಾದಾಗ ದಕ್ಷಿಣದ ಪವಿತ್ರ ಕೊಳದ ಬಳಿ ಕುಳಿತುಕೊಳ್ಳಿ. ಪಕ್ಕದ ಕಲ್ಲಿನ ಜೀರುಂಡೆಗೆ ಪ್ರವಾಸಿಗರು ಸುತ್ತು ಬರುವುದನ್ನು ನೋಡುತ್ತಿದ್ದರೇ ಹೊತ್ತು ಹೋಗುತ್ತದೆ.

ಪೆರ್ಲದ ಮೇಷ್ಟ್ರು:
ಎಲ್ಲರಿಗೂ ಉಪಕಾರವಾಯಿತು. ಪಟ್ಟಿಯನ್ನು ತಿರುಗಿಸಿ, ಬಾಗಿಲು ತೆರೆಯುವ ಹೊತ್ತಿಗೇ ಕಾರ್ನಾಕಿಗೆ ತಲುಪಿ ಮೂರು ಗಂಟೆಯಾದರೂ ಇರುವಂತೆ ಮಾಡಲು ಮಗನಿಗೆ ಬರೆದಿದ್ದೇನೆ. ರಾಜರ ಕಣಿವೆಯಲ್ಲಿ ಒಂದೆರಡು ಗೋರಿ ಕಡಿಮೆಯಾದರೆ ಆಗಲಿ.